ಶಾಲೆ ವ್ಯಾನು ಬ್ರೆಡ್ಡಿನ ಗಾಡಿಯಾದದ್ದು

ತಾರೀಕು ಹದಿನಾರು, ಗುರುವಾರ ಮಧ್ಯಾಹ್ನ

ನನ್ನ ಕೋಪಿಷ್ಠ ಮೊಮ್ಮಗಳಿಗೆ,

ಅಜ್ಜಿ ತಲೆ ಸವರಿ ಮಾಡುವ ಆಶೀರ್ವಾದ. ನಾವಿಲ್ಲಿ ಉಂಡು ತಿಂದು ಇದ್ದೇವೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದು ಹರಿದೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳ ಅಕ್ಷರ ಕೋಳಿ ಕೆದರಿದ ಹಾಗಿದೆ. ನೀನು ಟೀಚರಮ್ಮ, ಕೆಂಪು ಪೆನ್ನು ಹಿಡಿದು ಓದಬೇಡ.

ವಿಷಯ ಏನೆಂದರೆ, ನಮ್ಮ ಶಾಲೆ ವ್ಯಾನು ಈಗ ಬೇಕರಿಯ ಬ್ರೆಡ್ಡು ಹೊರುವ ಗಾಡಿಯಾಗಿದೆ. ಆ ನಾಲ್ಕು ವರ್ಷದ ಕೂಸು ಕೊನೆಯ ಸೀಟಿನಲ್ಲಿ ನಿದ್ದೆಹೋಗಿ, ಬಾಗಿಲು ಹಾಕಿದ ವ್ಯಾನಿನಲ್ಲಿ ಒಂದು ಗಂಟೆ ಒಂಟಿಯಾಗಿ ಉಳಿದುಹೋಯಿತಲ್ಲ, ಆಮೇಲೆ ಯಾವ ತಾಯಿಯೂ ಮಗುವನ್ನು ನಮ್ಮ ಜೊತೆ ಕಳಿಸಲಿಲ್ಲ. ಪುಣ್ಯಕ್ಕೆ ಕೂಸು ಅತ್ತು ಬೆವೆತದ್ದು ಬಿಟ್ಟರೆ ಏನೂ ಆಗಲಿಲ್ಲ, ಈಗ ಆಡಿಕೊಂಡಿದೆ. ಆದರೂ ಕಳಿಸದವರನ್ನು ನಾನು ದೂರುವುದಿಲ್ಲ. ಏಳು ವರ್ಷ ಮುಂದಿನ ಸೀಟಿನಲ್ಲಿ ಕೂತು ಮಕ್ಕಳನ್ನು ಹತ್ತಿಸಿ ಇಳಿಸಿದವಳು ನಾನು. 'ಪೊಲೀಸಜ್ಜಿ' ಅನ್ನುತ್ತಿದ್ದವು ಕೋತಿಗಳು. ಈಗ ಬೆಳಗ್ಗೆ ಎಂಟಕ್ಕೆ ಬೈಯಲು ಯಾರೂ ಇಲ್ಲದೆ ಬೆಕ್ಕಿಗೆ ಬೈಯುತ್ತೇನೆ.

ನೀನು ಅಪ್ಪನಿಗೆ, "ಹಿಂದೆ ಎದ್ದು ಹೋಗಿ ನೋಡೋಕಾಗದ ನೀನು ಮಕ್ಕಳ ಗಾಡಿ ಓಡಿಸೋಕೆ ಲಾಯಕ್ಕಿಲ್ಲ" ಎಂದು ಫೋನಿಟ್ಟು ಎರಡು ತಿಂಗಳಾಯಿತು. ಅವನು ಈಗಲೂ ಭಾನುವಾರ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಉಣ್ಣುತ್ತಾನೆ.

ಗಾಡಿಯ ಕೆಲಸ ಮಾಡಿದ್ದು ಬೀದಿ ಕೊನೆಯ ವೆಲ್ಡರು, ಅದೇ ಗೊಣಗಪ್ಪ. ಕಿಟಕಿಯ ಗಾಜು ತೆಗೆದು ತಗಡು ಬೆಸೆದ, ಹಳದಿಯ ಮೇಲೆ ಬಿಳಿ ಬಳಿದ, ಸೀಟುಗಳನ್ನೆಲ್ಲ ಬಿಚ್ಚಿದ. ಕೊನೆಯದೊಂದನ್ನು ಮಾತ್ರ ನಿಮ್ಮಪ್ಪ ಮುಟ್ಟಲು ಬಿಡಲಿಲ್ಲ. ನಟ್ಟು ತುಕ್ಕು ಹಿಡಿದಿದೆ ಎಂದ. ಹಾಗೇ ಆರ್‌ಟಿಓ ಆಫೀಸಿನ ತಪಾಸಣೆಗೆ ಒಯ್ದ. ಅಲ್ಲಿನ ಅಧಿಕಾರಿ ಬಾಗಿಲಲ್ಲೇ ನಿಂತು, "ಏನ್ರೀ, ನಿಮ್ಮ ಬ್ರೆಡ್ಡು ಕೂತ್ಕೊಂಡು ಬರುತ್ತಾ? ಹಿಂದೆ ಒಂದು ಸೀಟಿದ್ರೂ ಇದು ಸಾಮಾನಿನ ಗಾಡಿ ಆಗಲ್ಲ. ಬಿಚ್ಚಿಸ್ಕೊಂಡು ಬನ್ನಿ" ಎಂದು ವಾಪಸು ಕಳಿಸಿದ.

ಗೊಣಗಪ್ಪ ಸ್ಪ್ಯಾನರ್ ಹಾಕಿ ನೋಡಿ, "ತುಕ್ಕೂ ಇಲ್ಲ, ಮಣ್ಣೂ ಇಲ್ಲ. ಎರಡು ನಿಮಿಷದ ಕೆಲಸ ಕಣಣ್ಣ" ಎಂದ.

"ಇವತ್ತು ಬೇಡ ಬಿಡೋ."

"ನಿನ್ನೆನೂ ಇದೇ ಅಂದೆ. ಬೇಕರಿಯವ್ರು ನಿನ್ನ ಮುಖ ನೋಡ್ಕೊಂಡು ಕೂತಿರ್ತಾರಾ?"

"ಆಗಲ್ಲ ಕಣೋ. ಅದನ್ನ ಮುಟ್ಟಿದ್ರೆ ಆ ಕೂಸೇ ಕಣ್ಮುಂದೆ ಬರುತ್ತೆ."

ನಾನು ವ್ಯಾನು ಹತ್ತಿ ಹೋಗಿ ಆ ಸೀಟಿನಲ್ಲಿ ಕೂತೆ. ಏಳು ವರ್ಷದಲ್ಲಿ ಒಮ್ಮೆಯೂ ಅಲ್ಲಿ ಕೂತವಳಲ್ಲ. ಅಲ್ಲಿಂದ ನನ್ನ ಜಾಗಕ್ಕೆ ನಾಲ್ಕೇ ಹೆಜ್ಜೆ.

"ಅಮ್ಮಾ, ಇಳಿ" ಎಂದ ನಿಮ್ಮಪ್ಪ.

"ಇಳೀತೀನಿ. ನೀನು ಆ ಕಡೆ ತಿರುಗ್ಕೋ. ಗೊಣಗಪ್ಪಾ, ಬಿಚ್ಚೋ. ಜೊತೆಗೆ ನನ್ನನ್ನೂ ಬಿಚ್ಚಿಟ್ಟೀಯ, ಹುಷಾರು!"

ಗೊಣಗಪ್ಪ ನಕ್ಕ. ನಿಮ್ಮಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ಐವತ್ತು ದಾಟಿದ ಗಂಡಸು, ಭುಜ ಅಲುಗುತ್ತಿತ್ತು.

ನಿನ್ನೆ ಗಾಡಿ ಪಾಸಾಯಿತು. ನಾಳೆಯಿಂದ ಬ್ರೆಡ್ಡು. "ಒಳ್ಳೇದೇ ಆಯ್ತು ಬಿಡೋ, ಬ್ರೆಡ್ಡು ವಾಂತಿ ಮಾಡಲ್ಲ, ಪೆನ್ಸಿಲ್ ಕಳ್ಕೊಂಡೆ ಅಂತ ಅಳಲ್ಲ" ಎಂದೆ. ನಿಮ್ಮಪ್ಪ ನಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಶಾಲೆಯ ಮಕ್ಕಳಿಗೆ ಬೈಯುವಾಗ ನನ್ನ ಬಾಯಿ ಎರವಲು ತೆಗೆದುಕೊಳ್ಳಬೇಡ. ನೂರು ಕಾಲ ನಗುನಗುತ್ತಾ ಇರು.

ಇಂತಿ,
ನಿನ್ನ ಬಾಯಿಬಡುಕಿ ಅಜ್ಜಿ

ಇನ್ನೊಂದು ಮಾತು. ಮಕ್ಕಳು ಇಳಿದ ಮೇಲೆ ಹಿಂದೆ ಹೋಗಿ ನೋಡುವುದು ತನ್ನ ಕೆಲಸ, ತಾನೇ ಮರೆತೆ ಎಂದು ನಿಮ್ಮಪ್ಪ ಎಲ್ಲರ ಮುಂದೆ ಹೇಳಿದ್ದು ಸುಳ್ಳು. ಅದು ನನ್ನ ಕೆಲಸ. ಅವತ್ತು ಅವನು, "ಹಿಂದೆ ನೋಡಿದ್ಯೇನಮ್ಮಾ?" ಎಂದು ಕೇಳಿದ್ದ. ಮಂಡಿ ನೋಯುತ್ತಿತ್ತು, ನಾನು ಏಳಲಿಲ್ಲ. ಕೂತಲ್ಲಿಂದಲೇ, "ಎಲ್ಲಾ ಇಳಿದ್ರೇನ್ರೋ?" ಎಂದು ಕೂಗಿದೆ. ಯಾರೂ ಓ ಅನ್ನಲಿಲ್ಲ. "ನೋಡ್ದೆ, ಹೊರಡು" ಎಂದೆ. ಅಂದಿನಿಂದ ಇವತ್ತಿನವರೆಗೆ ಅವನು ಆ ಬಗ್ಗೆ ನನ್ನನ್ನು ಒಂದು ಮಾತೂ ಕೇಳಿಲ್ಲ. ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದೆ. ಮೊದಲು ಅವನಿಗೆ ಫೋನು ಮಾಡು. ನನಗೆ ಆಮೇಲೆ ಬೈಯುವೆಯಂತೆ.