ಅರ್ಧ ಹೂವಿನ ಬಿಲ್ಲೆ

ಭಾನುವಾರ, ಮಧ್ಯಾಹ್ನ

ಪುಟ್ಟಿಗೆ ಅಮ್ಮನ ಆಶೀರ್ವಾದ.

ಇದನ್ನು ನೀನೊಬ್ಬಳೇ ಓದು. ಫೋನಿನಲ್ಲಿ ಹೇಳೋಣವೆಂದರೆ ಅಳಿಯಂದಿರ ಕಿವಿ ಪಕ್ಕದಲ್ಲೇ ಇರುತ್ತದೆ.

ಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗದೆ ನಿಮ್ಮ ತಾತ ಅಂಗಡಿಯಲ್ಲಿ ಬಿಲ್ಲೆ ಕೊಡುತ್ತಿದ್ದದ್ದು ನಿನಗೆ ಗೊತ್ತು. ಖಾಲಿ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಅಂಗಡಿಯ ಮುದ್ರೆ ಒತ್ತಿ, ಕಾಸಿನ ಬದಲು ಗಿರಾಕಿಯ ಕೈಗಿಡುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಮನೆಮನೆ ತಿರುಗಿ ಅವನ್ನು ಕೂಡಿಸಿದವಳು ನಾನು. ಡಬ್ಬದ ಮೇಲಿದ್ದ ಕೆಂಪು ಹೂಬಳ್ಳಿ ಬಿಲ್ಲೆಗಳ ಬೆನ್ನಿಗೆ ತುಂಡುತುಂಡಾಗಿ ಬಂದಿದೆ. ಒಂದರಂತೆ ಇನ್ನೊಂದಿಲ್ಲ.

ಮೊನ್ನೆ ಹಳೇ ನಾಣ್ಯದ ಹುಚ್ಚಿರುವ ಮೇಷ್ಟ್ರೊಬ್ಬರು ಬಂದಿದ್ದರು. ನಿಮ್ಮ ಅಂಗಡಿ ಬಿಲ್ಲೆ ನನ್ನ ಹತ್ರಾನೂ ಇದೆ ತಾಯಿ, ಒಳ್ಳೇ ಬೆಲೆ ಕೊಟ್ಟೆ ಅಂತ ಹಿಗ್ಗುತ್ತಾ ಒಂದು ಹಿಡಿ ಸುರಿದರು. ತಿರುಗಿಸಿ ನೋಡಿದೆ. ಎಲ್ಲದರ ಬೆನ್ನಿಗೂ ಅದೇ ಅರ್ಧ ಹೂವು, ಎಸಳಿನ ಮೇಲೆ ಅದೇ ಗೀರು. ಒಂದೇ ಕೋಳಿಯ ಮರಿಗಳೂ ಹಾಗಿರುವುದಿಲ್ಲ. ಯಾರು ಕೊಟ್ಟರು ಎಂದೆ. ನಂಬರ್ ಪ್ಲೇಟ್ ಮಾಡೋರೊಬ್ರು, ಬಹಳ ಮರ್ಯಾದಸ್ಥರು ಅಂದರು. ಆ ಮರ್ಯಾದಸ್ಥರಿಗೆ ಮಗಳನ್ನು ಕೊಟ್ಟವಳು ನಾನೇ ಎನ್ನಲಿಲ್ಲ. ವಿಚಾರಿಸುತ್ತೇನೆಂದು ಕಾಫಿ ಕೊಟ್ಟು ಕಳಿಸಿದೆ.

ಅರ್ಧ ಹೂವಿನ ಅಸಲಿ ಬಿಲ್ಲೆ ನನ್ನದು. ಫೋಟೋ ತೆಗೀಬೇಕು ಅಂತ ಅಳಿಯಂದಿರು ಒಯ್ದಿದ್ದರು. ಇನ್ನೂ ನಾಲ್ಕು ಕೊಡಲೇ ಎಂದರೆ, ಅಚ್ಚಿಗೆ ಒಂದು ಸಾಕು ಅತ್ತೆ ಅಂದವರು, ತಕ್ಷಣ ಅಲ್ಲ, ಫೋಟೋಗೆ ಅಂತ ತಿದ್ದಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ ಮೀಸೆ ಒದ್ದೆಯಾಗುತ್ತದೆ.

ಅವರ ಮಾತು ಬಿಡು. ಕಳೆದ ಸಲ ಬಂದಾಗ ನಿನ್ನ ಉಗುರುಸಂದಿಯಲ್ಲಿ ಕೆಂಪು ಬಣ್ಣವಿತ್ತು. ಗೇಟಿಗೆ ಹೊಡೆದೆ ಅಮ್ಮ ಅಂದೆ. ಮೂರನೇ ಮಹಡಿಯಲ್ಲಿರುವವರಿಗೆ ಯಾವ ಗೇಟೇ? ಚಿಕ್ಕಂದಿನಿಂದ ಹೂವು ಬಿಡಿಸುವ ಕೈ ನಿನ್ನದು. ಮೇಷ್ಟ್ರು ತಂದ ಬಿಲ್ಲೆಗಳಲ್ಲಿದ್ದಂತೆ ಎಸಳಿನ ತುದಿಯನ್ನು ನೀನು ಎಡಕ್ಕೆ ಬಾಗಿಸುವುದು ನನಗೆ ಗೊತ್ತಿಲ್ಲವೇ?

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ಅದರ ಹೆಸರಿಗೆ ಯಾರೂ ಬೆರಳು ತೋರಿಸಿಲ್ಲ. ಅಳಿಯಂದಿರನ್ನು ಬಿಟ್ಟು ಒಬ್ಬಳೇ ಬಾ. ಬಂದು ಬಾಯಿಬಿಟ್ಟು ಹೇಳು. ಅಳುವುದಿದ್ದರೆ ಬಸ್ಸಿನಲ್ಲೇ ಮುಗಿಸಿಕೊಂಡು ಬಾ.

ನಿನ್ನನ್ನು ಹೆತ್ತವಳು,
ಅಮ್ಮ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೇಷ್ಟ್ರನ್ನು ಬರೀ ಕಾಫಿ ಕೊಟ್ಟು ಕಳಿಸಲಿಲ್ಲ. ನಮ್ಮ ಮುದ್ರೆಯ ಬಿಲ್ಲೆ ಯಾರು ತಂದರೂ ನಿಮ್ಮ ತಾತ ಇಲ್ಲ ಎಂದವರಲ್ಲ. ನೀವಿಬ್ಬರು ಮಾಡಿದವನ್ನು ಇಟ್ಟುಕೊಂಡು, ಒಂದಕ್ಕೊಂದರಂತೆ ನನ್ನವನ್ನೆಲ್ಲ ಕೊಟ್ಟೆ. ಅವರ ಗೆಳೆಯರೂ ನಿಮ್ಮ ಹತ್ತಿರವೇ ಕೊಂಡಿದ್ದಾರಂತೆ, ಬರುವ ಭಾನುವಾರ ತರುತ್ತಾರಂತೆ. ಕೊಡಲು ನನ್ನಲ್ಲಿ ಒಂದೂ ಉಳಿದಿಲ್ಲ. ಅಂದು ಬಾಗಿಲು ನೀನು ತೆಗೆಯಬೇಕು.