ಸಣ್ಣ ಅಕ್ಷರದ ಸಾಲು

ಗಚ್ಚಿಬೌಲಿ, ಹೈದರಾಬಾದ್
12-2-2004

ಅಕ್ಕಾ,

ಯುದ್ಧದಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರ ಹೇಳಿಕೆಗಳನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕಾಗಿ ಬರೆದುಕೊಳ್ಳುವ ವಿದೇಶಿ ತಂಡಕ್ಕೆ ನಾನೀಗ ಉರ್ದು ಅನುವಾದಕಿ. ಇಂದು ಉರ್ದು ಬಲ್ಲ ಕಾಬೂಲಿನ ಒಬ್ಬಾಕೆ ಬಂದಿದ್ದಳು. ಈ ಅಂಚೆ ಕಾರ್ಡನ್ನು ಯಾರು ಬೇಕಾದರೂ ಓದಬಹುದು, ಅದಕ್ಕೇ ಆಕೆಯ ಹೆಸರು ಬರೆಯುವುದಿಲ್ಲ. ಎಲ್ಲವೂ ಗುಟ್ಟಾಗಿರುತ್ತದೆ ಎಂದು ತಂಡದವರು ಆಕೆಗೆ ನಗುನಗುತ್ತ ಹೇಳಿದರು. ಆದರೆ ಆಕೆಯ ಹೆಸರು, ಫೋಟೊ ತಂಡಕ್ಕೆ ಹಣ ಕೊಡುವ ಸಂಸ್ಥೆಗಳಿಗೂ ಹೋಗಬಹುದೆಂದು ಆಕೆ ಸಹಿ ಮಾಡಬೇಕಿದ್ದ ಒಪ್ಪಿಗೆ ಫಾರ್ಮಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

"ಅದೆಲ್ಲಾ ಓದಬ್ಯಾಡ್ರಿ, ಸಹಿ ಅಷ್ಟ ಮಾಡಸ್ರಿ," ಎಂದರು ನನಗೆ ತಂಡದ ವ್ಯವಸ್ಥಾಪಕ ನರಹರಿ.

ನಾನು ಓದಿ ಹೇಳಿದೆ. ಆಕೆ ಆ ಸಾಲನ್ನು ಹೊಡೆದುಹಾಕಿ, ಸಹಿ ಮಾಡಿ, ಎರಡು ತಾಸು ಮಾತಾಡಿದಳು. ಫಾರ್ಮಿನ ನಕಲನ್ನೂ ಕೇಳಿ ಪಡೆದಳು.

ನನ್ನ ಕೆಮ್ಮು ಕಡಿಮೆಯಾಗಿದೆ. ಓದಿ ಹೇಳಿದ್ದಕ್ಕೆ, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ ನರಹರಿ. ಬೆಳಿಗ್ಗೆ ಹೇಳಿಕೆ ಕೊಡಲು ಇನ್ನಿಬ್ಬರು ಹೆಂಗಸರು ಬರುವವರಿದ್ದಾರೆ. ಆ ಸಾಲಿನ ವಿಷಯ ಅವರಿಗೂ ಹೇಳಲು ನಾನು ಗೇಟಿನ ಬಳಿ ನಿಂತಿರುತ್ತೇನೆ.

ನಿನ್ನ ಮಹಾನಂದಾ