ತಗ್ಗಿನಲ್ಲಿ ಹೊಡೆದ ಮೊಳೆ

ಅಡುಗೆಮನೆಯಿಂದ
ಹದಿನಾಲ್ಕನೇ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ನಿನ್ನ ಸೊಂಟದ ನೋವು ಈಗ ಹೇಗಿದೆ? ಹೆಂಡತಿ, ಮಗಳು ಆರಾಮವಾಗಿದ್ದಾರೆಯೇ? ಫೋನ್ ಮಾಡಿಯೇ ಕೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಸಾಕು, ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂರುತ್ತಾರೆ. ಅವರೆದುರು ಆಡಲಾಗದ ಮಾತುಗಳಿವೆ. ಅದಕ್ಕೇ ಕಾಗದ.

ಕಳೆದ ಮಂಗಳವಾರದ ಬಿರುಗಾಳಿಗೆ ಅಪ್ಪನ ಕೋಣೆಯ ಮೇಲಿನ ಮೂರು ತಗಡು ಹಾರಿಹೋದದ್ದು ನಿನಗೆ ಗೊತ್ತೇ ಇದೆ. ಒಂದು ಎದುರುಮನೆಯ ಟೈಲರ್ ಅಂಗಳದಲ್ಲಿ ಬಿದ್ದಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆತ ಅದನ್ನು ತಲೆಯ ಮೇಲೆ ಹೊತ್ತು ತಂದು, “ಮೇಡಂ, ನಿಮ್ಮನೆ ನಮ್ಮನೆಗೆ ನೆಂಟರ ಹಾಗೆ ಬಂದ್ಬಿಟ್ಟಿತ್ತು” ಎಂದ. ನಕ್ಕೆ. ಒಳಗೆ ಬಂದರೆ ಅಪ್ಪನ ಹಾಸಿಗೆ ನೀರು ಕುಡಿದು ಎತ್ತಲಾರದಷ್ಟು ಭಾರವಾಗಿತ್ತು. ಎಂ.ಎ. ಓದುವಾಗ ಕಾವ್ಯದಲ್ಲಿ ಮಳೆಯ ಬಗ್ಗೆ ನಲವತ್ತು ಪುಟ ಬರೆದವಳು ನಾನು. ಅದರಲ್ಲಿ ಎಲ್ಲಿಯೂ ಒಂದು ಬಕೆಟ್ ಇರಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಬಂದು ಉಳಿದ ತಗಡುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಮೊಳೆಯನ್ನು ತಗಡಿನ ಉಬ್ಬಿನ ಮೇಲೆ ಹೊಡೆಯಬೇಕಂತೆ. ನೀರು ಹರಿಯುವ ತಗ್ಗಿನಲ್ಲಿ ಹೊಡೆದರೆ ಹನಿಹನಿಯಾಗಿ ಇಳಿದು ಕೆಳಗಿನ ಮರ ಕೊಳೆತು, ಮೊಳೆಗೆ ಹಿಡಿತವೇ ಇರುವುದಿಲ್ಲವಂತೆ. ನಮ್ಮದು ಅಷ್ಟೂ ತಗ್ಗಿನಲ್ಲೇ. ಮೇಲಿನಿಂದಲೇ ಕೂಗಿದ: “ಇದ್ಯಾವ ಮಹಾನುಭಾವ ಹೊಡೆದಿದ್ದು ಮೇಡಂ? ಕ್ಯಾಲೆಂಡರ್ ನೇತುಹಾಕೋಕೆ ಹೊಡೆದಂಗಿದೆ!”

ಆ ಮಹಾನುಭಾವ ನೀನು. ಎರಡು ವರ್ಷದ ಹಿಂದೆ ರಜೆಗೆ ಬಂದಾಗ, “ಇದಕ್ಕೆಲ್ಲ ಆಳು ಯಾಕಕ್ಕಾ, ನಾನಿಲ್ವಾ” ಎಂದು ಎರಡೇ ಮಧ್ಯಾಹ್ನಗಳಲ್ಲಿ ಮುಗಿಸಿದ್ದೆ. ಏಣಿ ಹಿಡಿದು ನಿಂತವಳು ನಾನು. ಅಪ್ಪ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ನಿನ್ನನ್ನು ತೋರಿಸುತ್ತಿದ್ದರು.

ತಪ್ಪು ಯಾರಿಂದಲೂ ಆಗುತ್ತದೆ, ಬಿಡು. ಆದರೆ ಮೇಸ್ತ್ರಿ ಬಂದುಹೋದ ದಿನ ಸಂಜೆ ಅಪ್ಪ ಫೋನ್ ಮಾಡಿದಾಗ, “ನಾನು ಸರಿಯಾಗೇ ಹೊಡೆದಿದ್ದೆ, ಆಮೇಲೆ ಅಕ್ಕ ಯಾರನ್ನೋ ಹತ್ತಿಸಿರ್ಬೇಕು” ಅಂದೆಯಲ್ಲ! ಅಪ್ಪ ಫೋನನ್ನು ಜೋರಾಗಿಟ್ಟೇ ಮಾತಾಡುವುದು ನಿನಗೆ ಗೊತ್ತಿಲ್ಲವೇ? ನಾನು ಅಲ್ಲೇ ಈರುಳ್ಳಿ ಸುಲಿಯುತ್ತಿದ್ದೆ. ಯಾರೂ ಹತ್ತಿಲ್ಲಪ್ಪಾ ಎಂದದ್ದಕ್ಕೆ, “ನಿಂಗೆ ಚಿಕ್ಕಂದಿನಿಂದ ಅವನ ಮೇಲೆ ಹೊಟ್ಟೆಕಿಚ್ಚು” ಎಂದರು. ಹನ್ನೊಂದು ವರ್ಷದಿಂದ ಅವರ ಮಾತ್ರೆ, ಕನ್ನಡಕ, ಸಿಟ್ಟು ಮೂರನ್ನೂ ನೋಡಿಕೊಂಡವಳಿಗೆ ಸಿಕ್ಕ ಸರ್ಟಿಫಿಕೇಟು ಇದು.

ಈಗ ಹಟ ಹಿಡಿದಿದ್ದಾರೆ. ನೀನೇ ಬಂದು ಹೊಡೆಯಬೇಕಂತೆ, ಬೇರೆಯವರು ಮುಟ್ಟಕೂಡದಂತೆ. ಶುಕ್ರವಾರ ಮೇಸ್ತ್ರಿ ಹೊಸ ತಗಡು ತಂದರೆ, ಅಪ್ಪ ಏಣಿಯ ಕೆಳಮೆಟ್ಟಿಲ ಮೇಲೆ ಕೂತುಬಿಟ್ಟರು. “ನನ್ನ ಮಗ ಬರ್ತಾನೆ, ನೀವು ಹೊರಡಿ.” ನೀನು ಬರುವುದಿಲ್ಲವೆಂದು ನನಗೆ ಗೊತ್ತು, ನಿನಗೂ ಗೊತ್ತು. ಟಾರ್ಪಾಲು ಕಟ್ಟಿದ್ದೇನೆ, ಗಾಳಿ ಬಂದರೆ ಅದೂ ನಿಲ್ಲುವುದಿಲ್ಲ. ಗೋಡೆಗಳೆಲ್ಲ ತೇವ. ಅಪ್ಪನ ಮಂಚ ಈಗ ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಕೆಮ್ಮು ಎದೆಗಿಳಿದಿದೆ. ಹೀಗೇ ಇನ್ನೊಂದು ವಾರ ಕಳೆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು. ನಿಜ ಏನೆಂದು ಅಪ್ಪನಿಗೆ ಒಂದು ಸಾಲು ಬರಿ ಎಂದು ಕೇಳಲು ಈ ಕಾಗದ ಶುರುಮಾಡಿದೆ. ಬರೆಯುತ್ತಾ ಬರೆಯುತ್ತಾ ಆ ಆಸೆ ಬಿಟ್ಟೆ.

ಮಗಳಿಗೊಂದು ಮುತ್ತು. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಆರೋಗ್ಯ ಜೋಪಾನ.

ನಿನ್ನ ಅಕ್ಕ

ವಿ.ಸೂ.: ಕಾಗದ ಮಡಿಚುವ ಮೊದಲು ಎದ್ದು ಮಂಚದ ಹತ್ತಿರ ಹೋಗಿ ಅಪ್ಪನಿಗೆ ಒಂದು ಸುಳ್ಳು ಹೇಳಿ ಬಂದೆ. ನೀನೇ ಮೇಸ್ತ್ರಿಗೆ ಫೋನ್ ಮಾಡಿದ್ದೀಯ, ಮೊಳೆ ಹೇಗೆ ಹೊಡೆಯಬೇಕೆಂದು ನೀನೇ ಹೇಳಿಕೊಟ್ಟಿದ್ದೀಯ ಅಂದೆ. “ಹಾಗಾದ್ರೆ ಸರಿ, ಮೊದಲೇ ಹೇಳ್ಬಾರದಿತ್ತಾ?” ಎಂದು ತಕ್ಷಣ ಒಪ್ಪಿದರು. ನಾಳೆ ಬೆಳಿಗ್ಗೆಯೇ ಕೆಲಸ. ಮುಗಿದ ಕೂಡಲೇ ಫೋನ್ ಮಾಡಿ ನಿನ್ನನ್ನು ಹೊಗಳುತ್ತಾರಂತೆ. ಅಷ್ಟರಲ್ಲಿ ಈ ಕಾಗದ ನಿನಗೆ ತಲುಪಿರುವುದಿಲ್ಲ. ಆ ಚಿಂತೆ ನನಗಿಲ್ಲ. ಯಾವುದಕ್ಕೆ ಹೊಗಳುತ್ತಿದ್ದಾರೆಂದು ಕೇಳದೆಯೇ ನೀನು ಹೂಂ ಅಂದಿರುತ್ತೀಯ.